ಹಿಮ ದಾಟಿ ಬಂದ ಸ್ವೆಟರ್ ಅಕ್ಕ

ಅಕ್ಕನ ಬಲಗಾಲಿನಲ್ಲಿ ಹೆಬ್ಬೆರಳು ಮತ್ತು ಅದರ ಪಕ್ಕದ್ದು ಮಾತ್ರ ಉಳಿದಿದ್ದವು. ಮಿಕ್ಕ ಬೆರಳುಗಳ ಜಾಗದಲ್ಲಿ ಚರ್ಮ ಬಿಗಿದುಕೊಂಡು, ಸುಟ್ಟು ಮಾಯ್ದ ಗಾಯದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ನಾನು ಅದನ್ನು ಮೊದಲು ನೋಡಿದ್ದು ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಆಗ ನಾನು ಎಂಟನೇ ಕ್ಲಾಸು. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ: "ಹುಟ್ಟಿದಾಗಿಂದ ಹಿಂಗ ಐತೇನಕ್ಕಾ?"

ಅಕ್ಕ ಮೈತುಂಬಾ ಸುತ್ತಿಕೊಂಡಿದ್ದ ನಿಲುವಂಗಿಯನ್ನು ಕೆಳಗೆ ಜಗ್ಗಿಕೊಂಡು ನಕ್ಕಳು. "ಇಲ್ಲ ತಂಗಿ. ಹುಟ್ಟಿದಾಗ ಎಲ್ಲಾ ಇದ್ವು."

ಅಷ್ಟೇ ಹೇಳಿ ಬಕೆಟ್ಟು ಎತ್ತಿಕೊಂಡು ಹೋದಳು.

ದಸರೆ ಮುಗಿದು ಕೂಡ್ಲಿಗಿಯಲ್ಲಿ ಬೆಳಗಿನ ಹೊತ್ತು ಸಣ್ಣಗೆ ಚಳಿ ಹುಟ್ಟುವಾಗ ಅಕ್ಕ ಬರುತ್ತಿದ್ದಳು. ಮುಂಡಗೋಡದ ಟಿಬೆಟಿಯನ್ನರ ಕ್ಯಾಂಪಿನಿಂದ ಸ್ವೆಟರ್ ಮಾರಲು ಹೊರಟವರು ಹುಬ್ಬಳ್ಳಿ, ದಾವಣಗೆರೆ, ಹೊಸಪೇಟೆ ಎಂದು ದೊಡ್ಡ ಊರು ಹಿಡಿದರೆ, ಅಕ್ಕ ಮತ್ತು ಅವಳ ಗೆಳತಿ ನಮ್ಮ ಊರಿಗೆ ಇಳಿಯುತ್ತಿದ್ದರು. ಬಸ್‌ಸ್ಟ್ಯಾಂಡಿನ ಪಕ್ಕದ ಗೋಡೆಗೆ ಬಿದಿರು ಕಟ್ಟಿ, ತಾಡಪಾಲು ಹೊದಿಸಿ, ಲೂಧಿಯಾನದ ಸ್ವೆಟರು, ಮಂಕಿ ಕ್ಯಾಪು, ಶಾಲುಗಳನ್ನು ನೇತುಹಾಕುತ್ತಿದ್ದರು. ನಮ್ಮ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಅಪ್ಪ ಬಸ್ ಕಂಡಕ್ಟರ್. ವಾರದಲ್ಲಿ ಬಹಳಷ್ಟು ದಿನ ಊರಲ್ಲಿರುತ್ತಿರಲಿಲ್ಲ. ನಾನೂ ಅವ್ವನೂ ಇಬ್ಬರೇ. "ಹೆಣ್ಮಕ್ಕಳು ಬಂದು ಇರ್ತೀವಿ ಅಂದ್ರ ನನಗೂ ಧೈರ್ಯ" ಎಂದು ಅವ್ವ ಮುಂದಿನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದಳು. ಓಣಿಯ ಹುಡುಗರು ಅವಳಿಗೆ ಸ್ವೆಟರ್ ಅಕ್ಕ ಎಂದು ಹೆಸರಿಟ್ಟರು. ನಮಗೂ ಅದೇ ಹೆಸರಾಯಿತು. ಅವಳು ಮಾತ್ರ ನಮ್ಮವ್ವನನ್ನು ಅಕ್ಕಾರ ಎಂದು ಕರೆಯುತ್ತಿದ್ದಳು.

ಅಕ್ಕನ ಕನ್ನಡ ಮುಂಡಗೋಡ, ಹುಬ್ಬಳ್ಳಿ ಕಡೆಯದು. ಮುಖ ನೋಡಿ ಹಿಂದಿಯಲ್ಲಿ ಶುರುಮಾಡಿದವರಿಗೆ "ಕನ್ನಡದಾಗ ಮಾತಾಡ್ರಿ, ನನ್ನ ಹಿಂದಿ ನಿಮಗಿಂತಾ ಖರಾಬ ಐತಿ" ಎನ್ನುತ್ತಿದ್ದಳು. ಚೌಕಾಸಿಗೆ ಆಸ್ಪದವೇ ಇಲ್ಲ. "ಒಂದ ರೇಟ್ರಿ. ನಿಮಗೂ ಅದ, ನಿಮ್ಮ ಸಾಹೇಬರಿಗೂ ಅದ." ಆದರೆ ಬೆಳಗಿನ ಬಸ್ಸಿಗೆ ಬರಿಗಾಲಿನ ಮಗುವನ್ನು ಎತ್ತಿಕೊಂಡು ಬಂದ ತಾಯಂದಿರನ್ನು ಕಂಡರೆ ವ್ಯಾಪಾರ ಮರೆತು ಬೈಯುತ್ತಿದ್ದಳು. "ಕಾಲು ಮುಚ್ಚರಿ ಮದಲ! ಟೊಪ್ಪಿಗಿ ಆಮ್ಯಾಲೆ ತಗೊಳ್ಳೂವಂತ್ರಿ." ತಾನೇ ಮಂಡಿಯೂರಿ ಕೂತು ಮಗುವಿನ ಪಾದಗಳನ್ನು ಅಂಗೈಯಲ್ಲಿ ತಿಕ್ಕಿ ಸಾಕ್ಸ್ ಏರಿಸುತ್ತಿದ್ದಳು.

ಒಮ್ಮೆ ಕುರಿ ಕಾಯುವ ಮುದುಕನೊಬ್ಬ ಹೆಗಲ ಮೇಲಿನ ಕಂಬಳಿ ತೋರಿಸಿ, "ಇದರ ಮುಂದ ನಿನ್ನ ಸ್ವೆಟರ್ ಯಾ ಲೆಕ್ಕಬೇ?" ಎಂದು ಕೆಣಕಿದ. ಅಕ್ಕ ಅವನ ಕಂಬಳಿಯ ತುದಿಯನ್ನು ಹಿಡಿದು ಮೂಗಿಗೆ ಒತ್ತಿಕೊಂಡಳು. ಎಷ್ಟು ಹೊತ್ತಾದರೂ ಬಿಡಲಿಲ್ಲ. ಮುದುಕ ಗಾಬರಿಯಾಗಿ ಸುತ್ತ ನೋಡತೊಡಗಿದ. "ನಮ್ಮ ಮನಿ ವಾಸನಿ ಐತ್ರೀ ಯಜ್ಜಾ ಇದರಾಗ" ಎಂದು ಕಂಬಳಿಯನ್ನು ಅವನ ಹೆಗಲಿಗೆ ತಾನೇ ಸರಿಯಾಗಿ ಹೊದಿಸಿ ಕಳಿಸಿದಳು.

ನಗುತ್ತಲೇ ಇರುತ್ತಿದ್ದ ಅಕ್ಕನಲ್ಲಿ ನಮಗೆ ಅರ್ಥವಾಗದ ಕೆಲವು ರೂಢಿಗಳಿದ್ದವು. ಎಲ್ಲಿ ಕೂತರೂ ಬಾಗಿಲಿಗೆ ಮುಖಮಾಡಿಯೇ ಕೂರುವಳು. ಮಲಗುವಾಗ ಬೂಟುಗಳನ್ನು ತಲೆದಿಂಬಿನ ಪಕ್ಕ ಇಟ್ಟುಕೊಳ್ಳುವಳು. ಊರು ಯಾವುದೆಂದು ಯಾರಾದರೂ ಕೇಳಿದರೆ "ಮುಂಡಗೋಡ" ಎನ್ನುವಳು. ಅದಕ್ಕಿಂತ ಮೊದಲಿನ ಊರಿನ ಮಾತು ಬಂದರೆ ಎದ್ದು ಏನಾದರೊಂದು ಕೆಲಸ ಹಿಡಿಯುವಳು.

ಎರಡನೆಯ ವರ್ಷದ ಚಳಿಗಾಲ. ಮಧ್ಯಾಹ್ನ ಅಕ್ಕ ಊಟಕ್ಕೆ ಬಂದಿದ್ದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಬೈಕು ನಿಂತ ಸದ್ದು. "ಮನ್ಯಾಗ ಯಾರದಾರ್ರಿ? ಸ್ವೆಟರ್ ಮಾರೋ ಅಮ್ಮಾರು ಇಲ್ಲೇ ಇರ್ತಾರಂತಲ್ರಿ?" ಬಾಗಿಲಲ್ಲಿ ಖಾಕಿ ಬಟ್ಟೆಯ ಪೇದೆ ನಿಂತಿದ್ದ. ನಾನು ಹಿಂತಿರುಗಿ ನೋಡಿದರೆ ಅಕ್ಕನ ತಟ್ಟೆ ಇತ್ತು, ಮುರಿದ ರೊಟ್ಟಿ ಇತ್ತು, ಅಕ್ಕ ಇರಲಿಲ್ಲ.

ಪೇದೆ ಬಂದದ್ದು ಮಗಳಿಗೊಂದು ಸ್ವೆಟರ್ ಬೇಕೆಂದು. ಅಂಗಡಿಯಲ್ಲಿ ಅವಳ ಅಳತೆಯದು ಸಿಕ್ಕಿರಲಿಲ್ಲ. ಅವ್ವ ನಾಳೆ ಬರಹೇಳಿ ಕಳಿಸಿ, ಒಳಗೆಲ್ಲ ಹುಡುಕಿದಳು. ಹಿಂದಿನ ಕೋಣೆಯಲ್ಲಿ ಶೇಂಗಾ ಚೀಲಗಳನ್ನು ಒಟ್ಟಿದ್ದೆವು. ಆ ಚೀಲಗಳಿಗೂ ಗೋಡೆಗೂ ನಡುವೆ, ಒಂದು ಕೂಸು ಹಿಡಿಸುವಷ್ಟು ಸಂದಿಯಲ್ಲಿ, ಅಕ್ಕ ಮೊಳಕಾಲು ತಬ್ಬಿಕೊಂಡು ಕೂತಿದ್ದಳು. ಕಣ್ಣು ತೆರೆದೇ ಇದ್ದವು. ನಮ್ಮನ್ನು ನೋಡುತ್ತಿದ್ದಳು, ಗುರುತು ಹಿಡಿದಂತಿರಲಿಲ್ಲ.

"ಹೋದ್ನವ್ವಾ, ಹೋದ. ಸ್ವೆಟರ್ ಕೇಳಾಕ ಬಂದಿದ್ದ" ಎಂದು ಅವ್ವ ಅಲ್ಲೇ ನೆಲಕ್ಕೆ ಕೂತಳು. ಅಕ್ಕನ ಹಲ್ಲು ಕಟಕಟ ಕಡಿಯುತ್ತಿದ್ದವು. ಚೀಲಗಳ ಸಂದಿಯಿಂದ ಹೊರಗೆ ಬಾರದೆಯೇ ಹೇಳಿದಳು: "ನಮ್ಮಪ್ಪನ್ನೂ ಊಟದ ಹೊತ್ತಿಗೇ ಕರಕೊಂಡು ಹೋದ್ರು ಅಕ್ಕಾರ."

ಅಂದು ಅವಳು ಹೇಳಿದ್ದನ್ನು ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದೆ.

ಟಿಬೆಟಿನ ಒಂದು ಹಳ್ಳಿ. ಅವರ ಮನೆಯಲ್ಲಿ ಧಾನ್ಯದ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ, ದೇಶ ಬಿಟ್ಟು ಹೋದ ಅವರ ಗುರುಗಳ ಒಂದು ಪಟ ಅಂಟಿಸಿತ್ತು. ಅದನ್ನು ಇಟ್ಟುಕೊಳ್ಳುವುದು ಅಲ್ಲಿ ಅಪರಾಧ. ಯಾರೋ ಚಾಡಿ ಹೇಳಿದರು. ಪೊಲೀಸರು ಬಂದು ಅಪ್ಪನನ್ನು ಎಳೆದೊಯ್ದರು. ತಿರುಗಿ ಬಂದ ಅಪ್ಪ ಮಾತಾಡಲಿಲ್ಲ. ಗೋಡೆ ನೋಡುತ್ತ ಕೂತು ಕೂತು ಒಂದು ದಿನ ತೀರಿಕೊಂಡ. ಆಮೇಲೆ ಶಾಲೆಯಲ್ಲಿ ಮೇಷ್ಟರು ಅಕ್ಕನನ್ನು ಪದೇ ಪದೇ ಕೇಳತೊಡಗಿದರು: ನಿಮ್ಮ ಮನೆಯಲ್ಲಿ ಸಂಜೆ ಏನು ಓದುತ್ತಾರೆ? ನಿಮ್ಮವ್ವ ಯಾರ ಹೆಸರು ಹೇಳುತ್ತಾಳೆ? ಮಗು ಮನೆಗೆ ಬಂದು ಇದನ್ನು ಹೇಳಿದ ದಿನವೇ ತಾಯಿ ಅವಳನ್ನು ಗಡಿಯಾಚೆ ಕಳಿಸುವ ನಿರ್ಧಾರ ಮಾಡಿರಬೇಕು.

"ಗುಡ್ಡದ ಮ್ಯಾಲಿನ ಗುಡಿಗೆ ಹೋಗೂಣು ಬಾ ಅಂದ್ಲು ನಮ್ಮವ್ವ. ನನಗ ಖುಷಿ. ಹೊಸಾ ಬೂಟು ಹಾಕಿದ್ಲು. ದಿನಾ ಪೂರ್ತಿ ನಡದ್ವಿ. ಕುರುಬರ ಒಂದು ಗುಡಿಸಲಾಗ ಯಾರ್ಯಾರೋ ಮಂದಿ ಇದ್ರು. ಒಬ್ಬ ಸಣ್ಣ ವಯಸ್ಸಿನ ಸನ್ಯಾಸಿ ಇದ್ದ. ನನ್ನ ಕೈ ಅವನ ಕೈಯಾಗ ಕೊಟ್ಲು. 'ಈ ಅಣ್ಣನ ಕೈ ಬಿಡಬ್ಯಾಡ' ಅಂದ್ಲು. ನೀ ಬರೂದಿಲ್ಲೇನು ಅಂದೆ. ನನ್ನ ನಡಪಟ್ಟಿ ಇನ್ನೊಮ್ಮೆ ಬಿಗಿದು ಕಟ್ಟಿದ್ಲು."

ಬೆಳಕಿದ್ದಾಗ ಬಂಡೆಗಳ ನಡುವೆ ಅಡಗುವುದು, ಕತ್ತಲಾದ ಮೇಲೆ ನಡೆಯುವುದು. ಹುರಿಹಿಟ್ಟು ಮುಗಿದ ಮೇಲೆ ಹಿಮವನ್ನೇ ತಿಂದರು. ಬೂಟಿನೊಳಗೆ ನೀರು ಹೊಕ್ಕು ಕಲ್ಲಾಯಿತು. ಕಾಲು ನೋಯುತ್ತಿತ್ತು, ಆಮೇಲೆ ನೋವು ನಿಂತಿತು. ನೋವು ನಿಂತದ್ದಕ್ಕೆ ಮಗುವಿಗೆ ಸಂತೋಷವಾಯಿತಂತೆ. ಗಡಿಯ ಹತ್ತಿರ ಒಮ್ಮೆಲೇ ಕೂಗು, ಗುಂಡಿನ ಸದ್ದು. ಜೊತೆಯವರೆಲ್ಲ ಚೆಲ್ಲಾಪಿಲ್ಲಿಯಾದರು. ಸನ್ಯಾಸಿ ಅವಳನ್ನು ಬಂಡೆಯ ಬಿರುಕಿನೊಳಗೆ ತುರುಕಿ, "ಸದ್ದು ಮಾಡಬೇಡ" ಎಂದು ಹೇಳಿ, ತಾನು ಎದ್ದು ಕೂಗುತ್ತ ಬೇರೆ ದಿಕ್ಕಿಗೆ ಓಡಿದ. ಸಿಪಾಯಿಗಳು ಅವನ ಹಿಂದೆ ಬಿದ್ದರು.

"ಆಮ್ಯಾಲೆ?" ಅವ್ವ ಕೇಳಿದಳು.

"ಗೊತ್ತಿಲ್ರಿ. ಅವ ಬದುಕಿದ್ನೋ ಏನೋ. ಅವನ ಹೆಸರು ಸುದ್ದಾ ನನಗ ಗೊತ್ತಿಲ್ಲ. ಅಣ್ಣಾ ಅಂತಿದ್ದೆ."

ಗುಂಪಿನ ಒಬ್ಬ ಮುದುಕಿ ಹಿಂದಿರುಗಿ ಬಂದು ಅವಳನ್ನು ಬಿರುಕಿನಿಂದ ಎಳೆದು ಬೆನ್ನಿಗೆ ಕಟ್ಟಿಕೊಂಡು ಗಡಿ ದಾಟಿಸಿದಳು. ನೇಪಾಳದ ಆಸ್ಪತ್ರೆಯಲ್ಲಿ, ಹಿಮಕ್ಕೆ ಸತ್ತಿದ್ದ ಬೆರಳುಗಳನ್ನು ಕತ್ತರಿಸಿದರು. ಅಲ್ಲಿಂದ ಹಿಂದೂಸ್ಥಾನ, ಬೆಟ್ಟದ ಮೇಲಿನ ಒಂದು ಶಾಲೆ, ಕೊನೆಗೆ ಮುಂಡಗೋಡ ಕ್ಯಾಂಪಿನಲ್ಲಿ ಮಕ್ಕಳಿಲ್ಲದ ಒಬ್ಬ ಹೆಂಗಸಿನ ಮನೆ.

ನಮ್ಮವ್ವ ಸಂದಿಯೊಳಗೆ ಕೈಹಾಕಿ ಅಕ್ಕನ ಕಾಲನ್ನು ಮೆಲ್ಲಗೆ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಒಲೆಯ ಮೇಲೆ ಹಂಚು ಕೆಂಪಗೆ ಕಾದು, ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಇಬ್ಬರೂ ಏಳಲಿಲ್ಲ.

ಮರುದಿನ ಪೇದೆ ಬಂದ. ಅವ್ವ ಹಿಂದಿನ ಸಂಜೆಯೇ ಅವನನ್ನು ಕಂಡು ಏನು ಹೇಳಿದ್ದಳೋ, ಮಾಮೂಲಿ ಅಂಗಿ ಲುಂಗಿಯಲ್ಲಿ, ಮಗಳ ಕೈ ಹಿಡಿದು ಬಂದಿದ್ದ. "ನಿನ್ನೆ ಖಾಕಿ ಡ್ರೆಸ್ಸಿನ್ಯಾಗ ಬಂದದ್ದು ತಪ್ಪಾತು ನೋಡವ್ವಾ" ಎಂದ. ಅಕ್ಕ ಆ ಹುಡುಗಿಗೆ ಸ್ವೆಟರ್ ತೊಡಿಸಿ, ಬಾಗಿಲಿಗೆ ಮುಖಮಾಡಿಯೇ ಕೂತು ಗುಂಡಿ ಹಾಕಿದಳು.

ಮುಂದಿನ ವರ್ಷ ಅಕ್ಕ ಬಂದಾಗ ಮುಖದ ತುಂಬ ಹೊಸ ಕಳೆ. ಹೇಗೋ ಯಾರ ಕಡೆಯಿಂದಲೋ ಹುಟ್ಟೂರಿನ ಒಂದು ಫೋನ್ ನಂಬರು ಸಿಕ್ಕಿತ್ತು. ತಾಯಿ ಬದುಕಿದ್ದಳು! ಆಗೊಮ್ಮೆ ಈಗೊಮ್ಮೆ ನಮ್ಮ ಹಿತ್ತಲಿನಲ್ಲಿ ಕೂತು ಮಾತಾಡುತ್ತಿದ್ದಳು. ಏನು ಮಾತಾಡುತ್ತೀರಿ ಎಂದರೆ, "ಮಳಿ, ಕುರಿ, ಬೆಳಿ. ಬ್ಯಾರೆ ಮಾತು ಬ್ಯಾಡ, ಫೋನು ಪೊಲೀಸ್ರು ಕೇಳಸ್ಕೋತಿರ್ತಾರ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ನಾನು ಅಲ್ಲೇ ಓದುತ್ತ ಕೂತಿದ್ದೆ. ಅಕ್ಕ ಫೋನ್ ಹಚ್ಚಿದಳು. ಎಂದಿನಂತೆ ನಗುತ್ತ ಏನೋ ಅಂದಳು. ನಂತರ ಅಪರಿಚಿತರೊಡನೆ ಆಡುವ ಗಂಭೀರ ದನಿಯಲ್ಲಿ ಒಂದೆರಡು ಮಾತು ಹೇಳಿ ಫೋನನ್ನು ತೊಡೆಯ ಮೇಲಿಟ್ಟುಕೊಂಡಳು.

"ಏನಾತಕ್ಕಾ?"

"'ನನಗ ಮಗಳು ಇಲ್ಲ, ನೀವು ಯಾರಿಗೋ ಮಾಡೀರಿ' ಅಂದ್ಲು ತಂಗಿ ನಮ್ಮವ್ವ. ಬಾಜೂಕ ಯಾರೋ ಕುಂತಿದ್ರು ಅನಸ್ತೈತಿ. ತಪ್ಪಾತ್ರಿ, ರಾಂಗ್ ನಂಬರ್ ಅಂದೆ ನಾನೂ." ಫೋನನ್ನೇ ನೋಡುತ್ತ ಹೇಳಿದಳು: "ಆದ್ರ ಆಕಿ ಲಗೂನ ಫೋನ್ ಇಡಲಿಲ್ಲ. ಉಸಿರು ಕೇಳಸ್ತಿತ್ತು."

ಆ ನಂಬರು ಮತ್ತೆ ಎಂದೂ ಹತ್ತಲಿಲ್ಲ. ಅಕ್ಕ ಅಂದೇ ಸಂಜೆ ಅಂಗಡಿಗೆ ಹೋಗಿ ಎಂದಿನಂತೆ ವ್ಯಾಪಾರ ಮಾಡಿದಳು.

ಒಂದೆರಡು ವರ್ಷ ಕಳೆದವು. ಒಮ್ಮೆ ಅವ್ವ ಧೈರ್ಯ ಮಾಡಿ ಕೇಳಿದಳು: "ನಿಮ್ಮವ್ವನ ಹೆಸರಿನಾಗ ನಮ್ಮ ಹಿರೇರ ಜೋಡಿ ಒಂದು ಎಡಿ ಇಡ್ಲೇನವ್ವಾ? ಏನು ಇಷ್ಟ ಇತ್ತು ಆಕಿಗೆ?" ಅಕ್ಕ ಬಹಳ ಯೋಚಿಸಿದಳು. "ಗೊತ್ತಿಲ್ಲ ಅಕ್ಕಾರ. ನಾ ಸಣ್ಣಾಕಿ ಇದ್ದೆ. ಆಕಿ ಯಾವಾಗೂ ಕಡೀಕ ಉಣ್ತಿದ್ಲು, ಏನು ಉಣ್ತಿದ್ಲೋ ನಾ ನೋಡಿಲ್ಲ." ಆಮೇಲೆ ತಲೆಯಾಡಿಸಿದಳು. "ಬ್ಯಾಡ್ರಿ. ಸತ್ತಾಳ ಅಂತ ನಮಗ ಯಾರು ಹೇಳ್ಯಾರ?"

ನಾನು ಪಿಯುಸಿ ಪಾಸಾದಾಗ ದಾವಣಗೆರೆಯ ಕಾಲೇಜಿಗೆ ಕಳಿಸಲು ಅವ್ವ ಒಪ್ಪಲಿಲ್ಲ. ಹಾಸ್ಟೆಲ್ಲು, ಒಬ್ಬಳೇ ಹುಡುಗಿ, ಏನಾದರೂ ಆದರೆ? ಅಕ್ಕನಿಗೆ ಫೋನ್ ಮಾಡಿ ಅತ್ತೆ. ಮುಂಡಗೋಡದಿಂದ ಆ ಬಿರುಬೇಸಿಗೆಯಲ್ಲಿ ಅವಳು ಬಸ್ಸು ಹತ್ತಿ ಬಂದಳು. ಬೇಸಿಗೆಯಲ್ಲಿ ಅವಳು ನಮ್ಮೂರಿಗೆ ಬಂದದ್ದು ಅದೊಂದೇ ಸಲ. ಬೆವರು ಒರೆಸಿಕೊಳ್ಳುತ್ತ ಅವ್ವನ ಎದುರು ಕೂತು ಹೇಳಿದಳು: "ಕಳಸ್ರಿ ಅಕ್ಕಾರ. ಸನಿವಾರ ಸಂಜಿಗೆ ಬಸ್ ಹತ್ತಿದ್ರ ರಾತ್ರಿ ಊಟಕ್ಕ ನಿಮ್ಮ ಮುಂದ ಕುಂತಿರ್ತಾಳ. ಇದು ದೂರ ಅಲ್ರಿ. ತಿರುಗಿ ಬರಾಕ ಬರದಂಗ ಇದ್ರ ಅದು ದೂರ." ಅವ್ವ ಎದ್ದು ಹೋಗಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಸಿದಳು. ಇಂದು ನಾನು ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆಂದರೆ ಅದು ಅಕ್ಕನ ಆ ಮಾತಿನಿಂದ.

ಹೋದ ವರ್ಷ ದಸರೆ ಮುಗಿದರೂ ಅಕ್ಕ ಬರಲಿಲ್ಲ. ಅವಳ ಜೊತೆ ಬರುತ್ತಿದ್ದ ಗೆಳತಿಯ ಫೋನ್ ಬಂತು. "ಲಿವರ್ ಪೂರಾ ಹೋಗೇತಂತ್ರಿ. ಹುಬ್ಬಳ್ಳಿ ಆಸ್ಪತ್ರ್ಯಾಗ ಅದಾಳ. ನಿಮ್ಮನ್ನ ಕೇಳಾಕತ್ತಾಳ, ಬರ್ರಿ." ಅವ್ವನಿಗೆ ಮಂಡಿನೋವು, ಪ್ರಯಾಣ ಆಗುವುದಿಲ್ಲ. ನಾನೊಬ್ಬಳೇ ಹೋದೆ.

ಬೆಳಿಗ್ಗೆ ಅಕ್ಕ ನನ್ನ ಗುರುತು ಹಿಡಿದಳು. ಹಳದಿಗಟ್ಟಿದ ಕಣ್ಣಲ್ಲೇ ನಕ್ಕು ಅವ್ವನ ಮಂಡಿ, ನನ್ನ ಶಾಲೆ, ಎಲ್ಲ ವಿಚಾರಿಸಿದಳು. ಮಧ್ಯಾಹ್ನದ ಮೇಲೆ ಜ್ವರ ಏರಿತು. ಕನ್ನಡ ಬಿಟ್ಟುಹೋಯಿತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ಆಮಾ" ಎಂದು ಕರೆದು, ತನ್ನ ಭಾಷೆಯಲ್ಲಿ ಏನನ್ನೋ ಕೇಳಿದಳು. ದನಿ ಎಳೆಯ ಮಗುವಿನದಾಗಿತ್ತು. ಆಮಾ ಎಂದರೆ ಅವ್ವ ಎಂಬಷ್ಟು ಮಾತ್ರ ನನಗೆ ಗೊತ್ತು. ಗೆಳತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಅಕ್ಕ ಮತ್ತೆ ಅದನ್ನೇ ಕೇಳಿದಳು. ಮತ್ತೆ. ಪ್ರತಿ ಸಲವೂ ನನ್ನ ಮುಖ ನೋಡುತ್ತ, ಉತ್ತರಕ್ಕಾಗಿ ಕಾಯುತ್ತ. ನನಗೆ ತಡೆಯಲಾಗಲಿಲ್ಲ. "ಹೂಂ" ಎಂದೆ. ಅವಳು ನಂಬದವಳಂತೆ ಇನ್ನೊಮ್ಮೆ ಕೇಳಿದಳು. "ಹೂಂ, ಯವ್ವಾ, ಹೂಂ" ಎಂದು ತಲೆ ಸವರಿದೆ. ನನ್ನ ಕೈಯ ಮೇಲಿನ ಹಿಡಿತ ಸಡಿಲವಾಯಿತು. ಕಣ್ಣು ಮುಚ್ಚಿದಳು. ಮರುದಿನ ಬೆಳಗಾಗುವಷ್ಟರಲ್ಲಿ ಅಕ್ಕ ಇರಲಿಲ್ಲ.

ಕ್ಯಾಂಪಿನಲ್ಲಿ ಎಲ್ಲ ಮುಗಿದ ಮೇಲೆ ಗೆಳತಿಯ ಮನೆಯಲ್ಲಿ ಕೂತಿದ್ದೆವು. ನೆನಪಿನಲ್ಲಿ ಉಳಿದಿದ್ದ ಆ ಮಾತಿನ ಸದ್ದನ್ನು ನನಗೆ ತಿಳಿದಂತೆ ನುಡಿದು ತೋರಿಸಿ, ಹಾಗೆಂದರೇನು ಎಂದು ಕೇಳಿದೆ. ಗೆಳತಿ ತಟ್ಟನೆ ಮುಖ ಎತ್ತಿದಳು.

"'ಅವ್ವಾ, ನಾ ಈಗ ಮನಿಗೆ ಬರಲೇನು?' ಅಂತ ಅದು. ನೀವೇನಂದ್ರಿ?"

"ಹೂಂ ಅಂದೆ."

ಅವಳು "ಚಲೋ ಆತ್ ಬಿಡ್ರಿ" ಎಂದು ಕಣ್ಣೊರೆಸಿಕೊಂಡು ನನಗೆ ಚಹಾ ತರಲು ಎದ್ದು ಹೋದಳು. ಚಲೋ ಆಯಿತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಆ ಅಪ್ಪಣೆ ಕೊಡಬೇಕಾದ ತಾಯಿ ಇನ್ನೂ ಇದ್ದಾಳೋ ಏನೋ, ಆ ಹಿಮದ ಆಚೆ, ಮಗಳು ತಿರುಗಿ ಬರದೆ, ಎಲ್ಲಿದ್ದರೂ ಅಲ್ಲೇ ಸುಖವಾಗಿರಲಿ ಎಂದುಕೊಂಡು.