ಅಕ್ಕನ ಕುಬಸದ ತೋಳು

ನನ್ನ ಅಕ್ಕನ ತೋಳು ಸಣ್ಣಗಾಗುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟೆ ಎಂದೇನಲ್ಲ, ಅದು ಹೇಳುವಂಥ ಮಾತು ಎಂದೇ ನನಗೆ ಹೊಳೆಯಲಿಲ್ಲ. ಅವಳ ಹೊಟ್ಟೆ ದೊಡ್ಡದಾಗುತ್ತಿದೆ ಎಂಬುದನ್ನು ಮಾತ್ರ ಕಂಡಕಂಡವರಿಗೆಲ್ಲ ಹೇಳಿದೆ. ಹೊಟ್ಟೆಯ ವಿಷಯ ತೆಗೆದರೆ ನಾಲ್ಕು ಜನ ನಗುತ್ತಾರೆ, ತೋಳಿನಲ್ಲಿ ನಗುವುದಕ್ಕೆ ಏನಿದೆ?

ನಾನು ಕುಕನೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಓದಿದ್ದಕ್ಕಿಂತ ಅಳೆದದ್ದೇ ಹೆಚ್ಚು, ಹಾಗಾಗಿ ಹೊಟ್ಟೆಯ ಬಗ್ಗೆ ನನಗೆ ತಿಳಿದದ್ದೆಲ್ಲ ಟೇಪು ಕಲಿಸಿದ್ದು. ಟೇಪಿಗೆ ದಾಕ್ಷಿಣ್ಯವಿಲ್ಲ, ಆದರೆ ಕತ್ತರಿ ಹಿಡಿದವನಿಗೆ ಇರಲೇಬೇಕು. “ಹೋದ ಸಲದ ಅಳತಿನ ಇಡ್ರಿ” ಎನ್ನುವ ಗಿರಾಕಿಯ ಮಾತಿಗೆ ತಲೆಯಾಡಿಸಿ, ಎರಡಿಂಚು ಹೆಚ್ಚಿಗೆ ಕತ್ತರಿಸುವುದು ನಮ್ಮ ಕಸುಬಿನ ಮರ್ಯಾದೆ. ಕುಬಸ ಮೈಗೆ ಸರಿಯಾಗಿ ಕೂತಾಗ ಆಕೆ, “ನೋಡ್ರಿ, ನಾ ಏನ್ ದಪ್ಪ ಆಗಿಲ್ಲ” ಎಂದು ಹಿಗ್ಗುತ್ತಾಳೆ. ನಾನು “ಹೌದ್ರಿ” ಎನ್ನುತ್ತೇನೆ. ಹಬ್ಬಕ್ಕೆ ಮೊದಲು ಬಂದವರ ಬಟ್ಟೆಯಲ್ಲಿ ಒಳಗಡೆ ಒಂದಿಂಚು ಮಡಚಿ ಬಿಡುತ್ತೇನೆ. ಹಬ್ಬ ಮುಗಿದ ಮೇಲೆ ಅವರು ಬಂದೇ ಬರುತ್ತಾರೆ.

ಹೊಟ್ಟೆ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಎಂದೂ ಉತ್ತರದ ಕೊರತೆಯಾಗಿಲ್ಲ. ಯಲಬುರ್ಗಾ ಕಡೆಯವರ ಪ್ರಕಾರ ಅನ್ನವೇ ಕಾರಣ. ಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆ ಬರುವುದೇ ಇಲ್ಲವಂತೆ. ಹೀಗೆ ಹೇಳಿದವರು ಎದ್ದು ಹೋದಾಗ ಬೆಂಚು ಉಸಿರು ಬಿಟ್ಟದ್ದನ್ನು ನಾನು ಕೇಳಿದ್ದೇನೆ. ಗಂಗಾವತಿಯವರು ಒಪ್ಪುವುದಿಲ್ಲ. ಮೂರು ಹೊತ್ತೂ ಅನ್ನ ಉಂಡು ದಿನವಿಡೀ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುವ ಹೆಂಗಸರಿಗೆ ಹೊಟ್ಟೆ ಎಲ್ಲಿದೆ ತೋರಿಸಿ ಎನ್ನುತ್ತಾರೆ. ಕುಷ್ಟಗಿಯಿಂದ ಬರುವ ಬಟ್ಟೆ ವ್ಯಾಪಾರಿಯೊಬ್ಬ ತಪ್ಪನ್ನೆಲ್ಲ ಸಂಜೆಯ ಮಿರ್ಚಿಭಜಿಯ ಮೇಲೆ ಹೊರಿಸುತ್ತಾನೆ, ಮೂರನೆಯ ಮಿರ್ಚಿಗೆ ಕೈ ಹಾಕುತ್ತ. ನಿವೃತ್ತರಾದ ಮಾಸ್ತರರೊಬ್ಬರು ಮಾತ್ರ ಬೇರೆ ದಾರಿ ಹಿಡಿದರು. ಹಳೆಯ ಗುಡಿಯ ಕಲ್ಲಿನಲ್ಲಿ ಡೊಳ್ಳು ಹೊಟ್ಟೆ ಬಿಟ್ಟುಕೊಂಡು ಕೂತ ಕುಳ್ಳ ಗಣಗಳು ಇರುತ್ತವಲ್ಲ, ಅವುಗಳ ಮಾತು ತೆಗೆದು, “ಸಾವಿರ ವರ್ಷ ಆತು, ಒಂದು ಅಗಳು ತಿಂದಿಲ್ಲ. ಹೊಟ್ಟಿ ಇಳದೈತೇನು?” ಎಂದರು. ನಾನು ನಕ್ಕೆ. ತಿನ್ನದವರಿಗೂ ಹೊಟ್ಟೆ ಬರಬಹುದು ಎಂಬ ಪಾಠ ಅದರಲ್ಲಿತ್ತು. ಆದರೆ ಶಾಲೆಯಲ್ಲಿದ್ದಾಗಲೂ ನಾನು ಮಾಸ್ತರರ ಪಾಠ ಬಿಟ್ಟು ಜೋಕನ್ನಷ್ಟೇ ಮನೆಗೆ ತರುತ್ತಿದ್ದವನು.

ನನ್ನ ಸ್ವಂತ ಹೊಟ್ಟೆಗೆ ಕಾರಣ ಹುಡುಕುವ ತೊಂದರೆಯಿಲ್ಲ. ಮೊದಲು ಕಾಲಿನಿಂದ ತುಳಿಯುತ್ತಿದ್ದ ಹೊಲಿಗೆ ಯಂತ್ರಕ್ಕೆ ಮೋಟರು ಕೂಡಿಸಿದ ಮೇಲೆ ಇದ್ದೊಂದು ನಡಿಗೆಯೂ ನಿಂತಿತು. ಈಗ ಯಂತ್ರಕ್ಕೂ ನನಗೂ ನಡುವೆ ಹೊಟ್ಟೆ ಕೂತುಕೊಂಡು, ಬಟ್ಟೆ ಜಾರದಂತೆ ಹಿಡಿದು ಉಪಕಾರ ಮಾಡುತ್ತಿದೆ. ಯಾರೂ ನನ್ನನ್ನು ಆಡಿಕೊಂಡಿಲ್ಲ. ಗಂಡಸಿನ ಹೊಟ್ಟೆ ಕಂಡರೆ “ಸಂಸಾರ ಛಲೋ ನಡದೈತಿ” ಎನ್ನುತ್ತಾರೆ. ಹೆಂಗಸಿನ ಹೊಟ್ಟೆ ಕಂಡರೆ ಅವಳ ಕೈಯಲ್ಲಿರುವ ತಟ್ಟೆಯನ್ನು ನೋಡುತ್ತಾರೆ.

ಅಕ್ಕ ಗಿರಿಜವ್ವ ನನಗಿಂತ ಆರು ವರ್ಷ ದೊಡ್ಡವಳು. ಗಂಗಾವತಿಗೆ ಕೊಟ್ಟಿದೆ, ಭಾವನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ಪ್ರತಿ ವರ್ಷ ನಾಗರಪಂಚಮಿಗೆ ಹೋಗಿ ಅವಳನ್ನು ತವರಿಗೆ ಕರೆತರುವುದು, ಖಣದ ಕುಬಸ ಹೊಲಿದುಕೊಡುವುದು ನನ್ನ ಪಾಲಿನ ಕೆಲಸ. ನಡುವೆ ಬಂದಾಗಲೂ ಒಂದೆರಡು ಹೊಲಿಯುತ್ತೇನೆ. ಅಳತೆ ಹಿಡಿಯುವವಳು ನನ್ನ ಹೆಂಡತಿ, ಬರೆದುಕೊಳ್ಳುವವನು ನಾನು. ಎರಡು ವರ್ಷದಲ್ಲಿ ಅಕ್ಕನ ಕುಬಸದ ಕೆಳಸುತ್ತು ಮೂವತ್ತರಿಂದ ಮೂವತ್ತಾರಕ್ಕೆ ಏರಿತು. ಕುತ್ತಿಗೆಯ ಹಿಂದೆ ಬೆನ್ನು ಉಬ್ಬಿ ಬಟ್ಟೆ ಎದ್ದು ನಿಲ್ಲತೊಡಗಿತು. ತೋಳು ಮಾತ್ರ ಹನ್ನೊಂದರಿಂದ ಒಂಬತ್ತೂವರೆಗೆ ಇಳಿಯಿತು.

ಉಂಡು ದಪ್ಪಗಾದ ಹೆಂಗಸು ಅಂಗಡಿಗೆ ಬಂದು ಮೊದಲು ಹೇಳುವುದೇ “ತೋಳು ಬಿಗಿ ಆತ್ರಿ” ಎಂದು. ಇಷ್ಟು ವರ್ಷದ ಕಸುಬಿನಲ್ಲಿ ನಾನು ಹೊಟ್ಟೆಯಲ್ಲಿ ಬಿಡಿಸಿ ತೋಳಿನಲ್ಲಿ ಹಿಡಿಸಿದ ಕುಬಸ ಅದೊಂದೇ. ಇಷ್ಟಾದರೂ ನಾನು ಮಾಡಿದ್ದೇನು? ಪಕ್ಕದ ಹೊಲಿಗೆ ಬಿಚ್ಚಿದೆ, ತೋಳಿಗೆ ಇನ್ನೊಂದು ಹೊಲಿಗೆ ಹಾಕಿದೆ, ಇಸ್ತ್ರಿ ಹೊಡೆದು ಕೊಟ್ಟೆ. ಕುಬಸ ಎಷ್ಟು ಚೆಂದ ಕೂತಿತೆಂದರೆ ಅಕ್ಕನಿಗೂ ಅನುಮಾನ ಬರಲಿಲ್ಲ. ನಾನು ಸ್ವಲ್ಪ ಕೆಟ್ಟ ದರ್ಜಿಯಾಗಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತು.

ಹೋದ ವರ್ಷದ ಪಂಚಮಿ. ನಮ್ಮಲ್ಲಿ ಈ ಹಬ್ಬವೆಂದರೆ ಉಂಡಿಗಳ ಹಬ್ಬ. ಶೇಂಗಾ, ಎಳ್ಳು, ಪುಟಾಣಿ, ರವೆ, ಹೀಗೆ ಬೆಲ್ಲದ ಜೊತೆ ಉಂಡೆಯಾಗಲು ಒಪ್ಪುವ ಯಾವುದನ್ನೂ ಹೆಂಗಸರು ಬಿಡುವುದಿಲ್ಲ. ಅಕ್ಕ ಅರ್ಧ ರೊಟ್ಟಿ ತಿಂದು ಕೈ ತೊಳೆದಳು. ಆದರೆ ನೆಲದಿಂದ ಏಳಲು ಬರಲಿಲ್ಲ.

“ಏ ತಮ್ಮಾ, ಸ್ವಲ್ಪ ಕೈ ಕೊಡೋ” ಎಂದಳು.

ಪಡಸಾಲೆಯಲ್ಲಿ ನಮ್ಮ ಚಿಗವ್ವ, ಓಣಿಯ ಹೆಂಗಸರು ಎಲ್ಲ ಕೂತಿದ್ದರು. ಜನ ಕೂತಿದ್ದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

“ಕೈ ಸಾಲಂಗಿಲ್ಲಬೇ ಅಕ್ಕಾ, ಜೆಸಿಬಿ ತರಸ್ತೀನಿ ತಡಿ.”

“ಅರ್ಧ ರೊಟ್ಟಿ ತಿಂದಾಕಿಗೆ ಜೆಸಿಬಿ ಯಾಕೋ, ಮೂಳಾ?” ಎಂದಳು ಚಿಗವ್ವ.

“ಅರ್ಧ ರೊಟ್ಟಿ ನಿಮ್ಮ ಮುಂದ, ಚಿಗವ್ವ. ಅಡಗಿಮನ್ಯಾಗ ಉಂಡಿ ಡಬ್ಬಿ ಐತಿ, ಅದನ್ನ ಕೇಳು. ನಮ್ಮಕ್ಕ ಕದ್ದು ತಿಂತಾಳ.”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಕ್ಕು, ಗೋಡೆ ಹಿಡಿದು ತಾನೇ ಎದ್ದಳು. ಊರಿಗೆ ಹೊರಟಾಗ ನನ್ನ ಹೆಂಡತಿ ಕಟ್ಟಿಕೊಟ್ಟ ಉಂಡಿಯ ಗಂಟನ್ನು ಇಲ್ಲೇ ಬಿಟ್ಟು ಹೋಗಿದ್ದಳು. ಮರೆತಿರಬೇಕು ಎಂದುಕೊಂಡು ಅದನ್ನೂ ನಾನೇ ತಿಂದೆ.

ಬೇಸಿಗೆಯಲ್ಲಿ ಭಾವ ಫೋನು ಮಾಡಿದ. ಅಕ್ಕ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಕಾಲು ಕುಸಿದು ಕೂತುಬಿಟ್ಟಿದ್ದಳು. ಅವಳನ್ನು ಕೊಪ್ಪಳದ ಆಸ್ಪತ್ರೆಗೆ ಕರೆತರುತ್ತಾರೆಂದು ಅಂಗಡಿಯ ಚೀಲ ಹೆಗಲಿಗೇರಿಸಿಕೊಂಡೇ ನಾನು ಓಡಿದೆ. ಡಾಕ್ಟರಬಾಯಿ ವಯಸ್ಸಿನಲ್ಲಿ ಸಣ್ಣ ಹೆಣ್ಣುಮಗಳು. ನಮ್ಮ ಬೆಂಚಿನವರ ಹಾಗೆ ಒಂದೇ ಕಾರಣಕ್ಕೆ ಜೋತುಬೀಳಲಿಲ್ಲ. ಏನು ಉಣ್ಣುತ್ತೀರಿ, ನಿದ್ದೆ ಬರುತ್ತದೆಯೇ, ಚಿಂತೆ ಏನಾದರೂ ಇದೆಯೇ, ಮುಟ್ಟು ನಿಂತಿದೆಯೇ ಎಂದೆಲ್ಲ ಕೇಳಿದರು. ಥೈರಾಯ್ಡು, ಸಕ್ಕರೆ ನೋಡಲು ರಕ್ತ ತೆಗೆಸಿದರು. ಹೊಟ್ಟೆ ಬರಲು ಇಷ್ಟೊಂದು ಬಾಗಿಲುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ, “ಗುಳಿಗಿ ಏನಾರ ತಗೋತೀರೇನ್ರಿ?” ಎಂದರು.

“ಇಲ್ರಿ. ಮೊಣಕಾಲ ನೋವಿಂದು ಒಂದಷ್ಟ. ನನ್ನ ತಮ್ಮ ತಪ್ಪದ ತಂದು ಕೊಡ್ತಾನ್ರಿ” ಎಂದಳು ಅಕ್ಕ, ಹೆಮ್ಮೆಯಿಂದ.

ಹೆಮ್ಮೆ ನನಗೂ ಇತ್ತು. ಎರಡೂವರೆ ವರ್ಷದ ಹಿಂದೆ ಅವಳ ಮೊಣಕಾಲು ಬಾತಾಗ ಒಬ್ಬ ಡಾಕ್ಟರು ಹತ್ತು ದಿನಕ್ಕೆಂದು ಒಂದು ಗುಳಿಗೆ ಬರೆದುಕೊಟ್ಟಿದ್ದರು. ನಾಲ್ಕೇ ದಿನಕ್ಕೆ ಅಕ್ಕ ಹುಡುಗಿಯ ಹಾಗೆ ಓಡಾಡಿದಳು. ಇಂಥ ಗುಳಿಗೆಯನ್ನು ಹತ್ತು ದಿನಕ್ಕೆ ಬಿಡುವುದುಂಟೇ? ಅದೇ ಚೀಟಿ ಕಿಸೆಯಲ್ಲಿಟ್ಟುಕೊಂಡು, ತಿಂಗಳಿಗೊಮ್ಮೆ ಅಸ್ತರಿನ ಬಟ್ಟೆ, ದಾರ ತರಲು ಗಂಗಾವತಿಗೆ ಹೋದಾಗಲೆಲ್ಲ ಅದೇ ಗುಳಿಗೆ ಕೊಂಡು ಅವಳ ಕೈಗೆ ಕೊಟ್ಟು ಬರುತ್ತಿದ್ದೆ. ಒಂದು ತಿಂಗಳೂ ತಪ್ಪಿಸಲಿಲ್ಲ.

ನಾನು ಕಿಸೆಯಿಂದ ತೆಗೆದುಕೊಟ್ಟ ಚೀಟಿಯನ್ನು ಡಾಕ್ಟರಬಾಯಿ ಎರಡು ಸಲ ನೋಡಿದರು. ಹೊಟ್ಟೆ ಬರತೊಡಗಿದ್ದು ಯಾವಾಗ ಎಂದು ಕೇಳಿದರೆ ಅಕ್ಕನಿಗೆ ನೆನಪಿಲ್ಲ. ನನಗೆ ನೆನಪಿಡುವ ಅಗತ್ಯವೇ ಇರಲಿಲ್ಲ. ಅಳತೆ ಪುಸ್ತಕ ಚೀಲದಲ್ಲೇ ಇತ್ತು. ತೆಗೆದುಕೊಟ್ಟೆ. ಅವರು ಅಕ್ಕನ ಹೆಸರಿನ ಹಾಳೆಗಳನ್ನೆಲ್ಲ ಬೆರಳಿಟ್ಟು ಓದಿದರು.

“ಹೊಟ್ಟಿ ಏರೈತಿ, ಬೆನ್ನು ಏರೈತಿ, ತೋಳು ಇಳದೈತಿ. ಇಷ್ಟ ಛಂದ ಬರದು ಇಟ್ಟೀರಲ್ರಿ, ಒಮ್ಮಿಯಾರ ಓದಿರೇನು?”

ಆ ಗುಳಿಗೆ ಬಹಳ ದಿನ ತಿಂದರೆ ಮುಖ, ಬೆನ್ನು, ಹೊಟ್ಟೆಯಲ್ಲಿ ಕೊಬ್ಬು ಕೂಡಿಸಿ, ಕೈಕಾಲಿನ ಮಾಂಸ ಕರಗಿಸುತ್ತದಂತೆ. ಹಾಗೆಂದು ಒಮ್ಮೆಲೇ ಬಿಡುವಂತೆಯೂ ಇಲ್ಲ, ಅದು ಇನ್ನೂ ಅಪಾಯ. ತಾವೇ ಮುಂದೆ ನಿಂತು ಸ್ವಲ್ಪಸ್ವಲ್ಪವಾಗಿ ಇಳಿಸುವುದಾಗಿ ಹೇಳಿದರು.

ಭಾವನೂ ಸೇರಿ ಮೂವರೂ ಹೊರಗೆ ಬಂದು ಮರದ ನೆರಳಿನಲ್ಲಿ ಕೂತೆವು. ಅಕ್ಕ ಅಳಲಿಲ್ಲ, ಬೆರಳು ಮಡಚಿ ತಿಂಗಳು ಎಣಿಸಿದಳು.

“ಅಲ್ಲೋ ತಮ್ಮಾ, ಹಂಗಾರ ನಾ ಉಪಾಸ ಬಿದ್ದಿದ್ದು ದಂಡ ಆತು?”

ಪಂಚಮಿಯಿಂದ ಈಚೆಗೆ ಅವಳು ಒಂದೇ ಹೊತ್ತು ಉಣ್ಣುತ್ತಿದ್ದಾಳೆಂದು ಭಾವ ಆಗ ಹೇಳಿದ. ಅಕ್ಕ ಮುಂದುವರಿಸಿದಳು: “ಎಷ್ಟ ಬಿಟ್ರೂ ಹೊಟ್ಟಿ ಬರ್ತಿತ್ತು. ನೀ ಬ್ಯಾರೆ ಹಂಗ ಅಂದಿದ್ದಿ. ನಿದ್ದಿಗಣ್ಣಾಗ ಎದ್ದು ಹೋಗಿ ತಿಂತೀನೇನೋ ಅಂತ ನನ್ನ ಮ್ಯಾಲೆ ನನಗ ಸಂಶೆ ಬಂದಿತ್ತು ನೋಡು.”

ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ನಾನು ಎದ್ದು ಹೋಗಿ ಚಹಾ ತಂದೆ. ಆಮೇಲಿನ ತಿಂಗಳುಗಳಲ್ಲಿ ಒಂದರ ಮೇಲೊಂದು ನಾಲ್ಕು ಕುಬಸ ಹೊಲಿದುಕೊಟ್ಟೆ. ಪ್ರತಿ ಸಲ ಆಸ್ಪತ್ರೆಗೆ ಜೊತೆಗೆ ಹೋದೆ, ಸೀಟು ಹಿಡಿದೆ, ಬಾಳೆಹಣ್ಣು ಕೊಂಡೆ. ನಮ್ಮ ಮನೆಯಲ್ಲಿ “ತಪ್ಪಾಯಿತು” ಎಂಬ ಮಾತನ್ನು ಹೆಡ್ಮಾಸ್ತರರ ಮುಂದೆ ಬಿಟ್ಟರೆ ಬೇರೆಲ್ಲೂ ಆಡಿದ ರೂಢಿಯಿಲ್ಲ. ಜೋಕು ಮಾಡುವವನಿಗಂತೂ ಅದು ಇನ್ನೂ ಕಷ್ಟ. ಬಾಯಿ ತೆರೆದರೆ ಎದುರಿನವರು ಆಗಲೇ ನಗಲು ತಯಾರಾಗಿರುತ್ತಾರೆ.

ಈ ವರ್ಷದ ಪಂಚಮಿಗೆ ಅಕ್ಕ ಬಂದಳು. ಕೆಳಸುತ್ತು ಎರಡಿಂಚು ಇಳಿದಿತ್ತು. ಅದೇ ಪಡಸಾಲೆ, ಅದೇ ಹೆಂಗಸರು. ನನ್ನ ಹೆಂಡತಿ ಉಂಡಿಯ ತಾಟು ತಂದು ಮುಂದಿಟ್ಟಳು. ಅಕ್ಕ ಒಂದಕ್ಕೆ ಕೈ ಚಾಚಿದಳು.

“ಇಲ್ಲಿ ಒಂದ ತಗೋತಾಳ ನೋಡ್ರಿ, ಒಳಗ ಎಷ್ಟ ಹೋಗ್ಯಾವೋ!” ಎಂದಳು ಚಿಗವ್ವ. ಹೆಂಗಸರು ಗೊಳ್ಳೆಂದರು. ಅಕ್ಕ ತಾನೂ ನಗುತ್ತಲೇ ಕೈ ಹಿಂದೆ ತೆಗೆದುಕೊಂಡಳು. ಮುಂದಿನ ಜೋಕಿಗಾಗಿ ಎಲ್ಲರೂ ನನ್ನತ್ತ ತಿರುಗಿದರು.

ನಾನು ಎದ್ದು ನಿಂತೆ. ನಿಂತದ್ದಕ್ಕೇ ಇಬ್ಬರು ನಕ್ಕರು. ಅವರ ನಗು ಮುಗಿಯುವವರೆಗೆ ಕಾದೆ.

“ಚಿಗವ್ವ, ನಮ್ಮಕ್ಕ ಒಂದಿನಾನೂ ಕದ್ದು ತಿಂದಿಲ್ಲ. ಆ ಸುಳ್ಳು ಹುಟ್ಟಿಸಿದಾಂವ ನಾನು. ಆಕಿಗೆ ಹೊಟ್ಟಿ ಬರೋ ಗುಳಿಗಿ ತಿಂಗಳ ತಿಂಗಳಾ ತಂದು ಕೊಟ್ಟಾಂವನೂ ನಾನ. ಅಕ್ಕಾ, ನಂದು ತಪ್ಪಾತು.”