ಆಲ್ಕೋಹಾಲಪ್ಪನ ಚೀಟಿ

ಅರಸೀಕೆರೆಯ ಲ್ಯಾಬಿನಲ್ಲಿ ರಕ್ತ ಕೊಡಲು ಕೂತಿದ್ದೆ. ಅಲ್ಲಿಯ ಹುಡುಗಿ ಹತ್ತಿಗೆ ಸ್ಪಿರಿಟ್ ಹಾಕಿ, ತೋಳಿಗೆ ಒರೆಸುವ ಮೊದಲು, "ಇದು ಆಗುತ್ತಲ್ವಾ ಸರ್? ಕೆಲವ್ರಿಗೆ ಅಲರ್ಜಿ ಇರುತ್ತೆ" ಎಂದಳು. ಆಗುತ್ತೆ ಎಂದೆ. ಆದರೆ ಆ ವಾಸನೆ ಮೂಗಿಗೆ ಬಂದದ್ದೇ ತಡ, ರಂಗಪ್ಪ ನೆನಪಾದ. ನಾಚಿಕೆಯಾಯಿತು.

ನಾನು ಇಂಗ್ಲಿಷ್ ಮೇಷ್ಟ್ರು. ಈಗ ನಿವೃತ್ತ, ಜಂಬ ಮಾತ್ರ ಇನ್ನೂ ಸರ್ವೀಸಿನಲ್ಲಿದೆ. ಮಾದಿಹಳ್ಳಿಗೆ ಇಂಗ್ಲಿಷಿನ ಕಾಗದ ಯಾವುದೇ ಬರಲಿ, ಬ್ಯಾಂಕಿನದೋ ಆಸ್ಪತ್ರೆಯದೋ, ನನ್ನ ಬಳಿಗೇ ಬರುತ್ತಿತ್ತು. ನಾನೂ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ನಾಲ್ಕು ಜನಕ್ಕೆ ಕೇಳುವಂತೆ ಓದುತ್ತಿದ್ದೆ. ಇಂಥ ಒಬ್ಬ ಮೇಷ್ಟ್ರು ನಿಮಗೂ ಗೊತ್ತಿರಬಹುದು.

ರಂಗಪ್ಪ ನಮ್ಮೂರ ಡೈರಿಯಲ್ಲಿ ಹಾಲು ಅಳೆಯುತ್ತಿದ್ದ. ಕೊರೋನಾ ಕಾಲದಲ್ಲಿ ಡೈರಿಗೆ ಸ್ಯಾನಿಟೈಸರ್ ಬಾಟಲಿ ಬಂತು. ಅವನ ಕೈಯೆಲ್ಲ ಕೆಂಪಾಗಿ ಬಿರಿಯಿತು. ಹಾಸನದ ಚರ್ಮದ ಡಾಕ್ಟರು, ಯಾವುದು ಒಗ್ಗುವುದಿಲ್ಲವೆಂದು ತಿಳಿಯಲು, ಅವನ ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ, ಎರಡು ದಿನ ನೀರು ಸೋಕಿಸಬೇಡ ಎಂದು ಕಳಿಸಿದರು. ಆಮೇಲೆ ಪಟ್ಟಿ ಕಿತ್ತು ನೋಡಿ ಚೀಟಿ ಬರೆದುಕೊಟ್ಟರು. ಸಂಜೆ ಹಾಲಿನ ಸಾಲಿನಲ್ಲಿ ನಿಂತಿದ್ದ ನನ್ನ ಹತ್ತಿರ ಅದನ್ನು ಹಿಡಿದು ಬಂದ.

"ಏನ್ ಬರ್ದವ್ರೆ ನೋಡಿ ಮೇಷ್ಟ್ರೇ."

ದಪ್ಪಕ್ಷರದ ಎರಡು ಪದ ಕಂಡವು. "ಆಲ್ಕೋಹಾಲ್, ಪಾಸಿಟಿವ್" ಎಂದು ಓದಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾಲಗೆ ಕೇಳಬೇಕಲ್ಲ. "ಅಲ್ಲಯ್ಯಾ, ನೀನು ಹಾಲು ಮಾತ್ರ ಅಳೀತೀಯ ಅಂದ್ಕೊಂಡಿದ್ದೆ. ಆಲ್ಕೋಹಾಲೂ ಅಳೀತೀಯಾ?"

ಸಾಲಿಗೆ ಸಾಲೇ ನಕ್ಕಿತು.

"ಬೆನ್ನಿಗೆ ಅಂಟ್ಸಿ ನೋಡವ್ರೆ ಮೇಷ್ಟ್ರೇ, ಕುಡ್ಸಿ ನೋಡಿಲ್ಲ" ಎಂದು ಅವನು ಅಂಗಿ ಎತ್ತಿ ತೋರಿಸಿದ. ಯಾರೂ ನೋಡಲಿಲ್ಲ. ಅಂದಿನಿಂದ ಅವನು ಆಲ್ಕೋಹಾಲಪ್ಪ. ತಿಂಗಳೊಳಗೆ, ಕುಡುಕನ ಕೈಗೆ ಹಾಲು ಬೇಡವೆಂದು ಡೈರಿಯವರು ಅವನನ್ನು ಬಿಡಿಸಿದರು. ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ.

ಅಂದು ಸಂಜೆ ಚೀಟಿ ನನ್ನ ಜೇಬಿನಲ್ಲೇ ಉಳಿದಿತ್ತು. ಮರುದಿನ ಪೂರ್ತಿ ಓದಿದೆ: ಸ್ಪಿರಿಟ್, ಸ್ಯಾನಿಟೈಸರ್ ಇವನ ಚರ್ಮಕ್ಕೆ ಒಗ್ಗುವುದಿಲ್ಲ, ಸೋಪು ಬಳಸಲಿ. ಅಷ್ಟೇ. ಹೌದು, ಮರುದಿನವೇ ಗೊತ್ತಾಯಿತು; ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಆದರೆ ಇಂಗ್ಲಿಷ್ ಮೇಷ್ಟ್ರಿಗೆ ನಾಲ್ಕು ಸಾಲು ಇಂಗ್ಲಿಷ್ ಓದಲು ಬರಲಿಲ್ಲ ಎಂದು ಊರು ನಗುತ್ತದಲ್ಲ! ಚೀಟಿಯನ್ನು ಡಿಕ್ಷನರಿಯೊಳಗೆ ಇಟ್ಟು ಬಾಯಿ ಮುಚ್ಚಿಕೊಂಡೆ. ಅವನ ಕೆಲಸ ಹೋದಾಗಲೂ ಮುಚ್ಚಿಕೊಂಡೇ ಇದ್ದೆ.

ಲ್ಯಾಬಿನಿಂದ ಮನೆಗೆ ಬಂದವನು ಡಿಕ್ಷನರಿ ತೆಗೆದೆ. ಸಂಜೆ ಚೀಟಿ ಹಿಡಿದು ಡೈರಿಗೆ ಹೋದೆ. ರಂಗಪ್ಪ ಈಗ ತನ್ನ ಹಸುವಿನ ಹಾಲು ತಂದು ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತಾನೆ. ಎಲ್ಲರ ಮುಂದೆ ಚೀಟಿಯನ್ನು ಕೊನೆಯವರೆಗೂ ಓದಿ ಕನ್ನಡದಲ್ಲಿ ಹೇಳಿದೆ. ಅಂದು ತಪ್ಪು ಓದಿದ್ದು, ಮರುದಿನವೇ ತಿಳಿದಿದ್ದು, ಎರಡನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ರಂಗಪ್ಪ ಕ್ಯಾನು ಕೆಳಗಿಟ್ಟ. "ಚೀಟಿ ನಿಮ್ ತಾವೇ ಐತೆ ಅಂತ ಗೊತ್ತಿತ್ತು ಮೇಷ್ಟ್ರೇ. ಬೇಕೂಂತ್ಲೇ ವಾಪಸ್ ಕೇಳ್ನಿಲ್ಲ. ಇವತ್ತು ಓದ್ತಾರೆ, ನಾಳೆ ಓದ್ತಾರೆ ಅಂತ ಕಾಯ್ತಿದ್ದೆ."

ಚೀಟಿ ಮಡಿಸಿ ಕೊಟ್ಟೆ. ಅದನ್ನು ತೆಗೆದುಕೊಂಡ ಅವನ ಕೈ ಎಂದೋ ವಾಸಿಯಾಗಿತ್ತು.