ಫೋಟೊದೊಳಗಿನ ಊರು

ಹೊನ್ನಾಳಿಯ ಮಮತಾ ಮನೆಯಲ್ಲೇ ಕೂತು ಕೆಲಸ ಮಾಡುವ ಪ್ರೋಗ್ರಾಮರ್. ಹೊಲಿಗೆಯ ಹೆಂಗಸರು ತಮ್ಮ ರವಿಕೆಗಳ ಫೋಟೊ ಹಾಕಿ ಮಾರುವ ಆ್ಯಪೊಂದರಲ್ಲಿ ಫೋಟೊಗಳ ಜವಾಬ್ದಾರಿ ಅವಳದು. ಸಣ್ಣ ಕಂಪನಿಯಾದ್ದರಿಂದ ದೂರಿನ ಫೋನೂ ಒಮ್ಮೊಮ್ಮೆ ಅವಳಿಗೇ ಬರುತ್ತಿತ್ತು.

ಆ ಬೆಳಿಗ್ಗೆ ಕರೆ ಮಾಡಿದವಳು ದುರ್ಗಾಂಬಿಕಾ. ಜಗಳೂರಿನ ಗಂಡನ ಹೊಡೆತ ತಾಳಲಾರದೆ ಬಿಟ್ಟುಬಂದು, ನೆಂಟರಿಗೂ ತಿಳಿಸದೆ ನಲ್ಲೂರಿನಲ್ಲಿ ಬಾಡಿಗೆ ಹಿಡಿದಿದ್ದಳು.

"ಮೇಡಂ, ಆ್ಯಪಿನಾಗೆ ನನ್ನ ಹೆಸರಿಲ್ಲ, ಊರಿಲ್ಲ. ಈಗ ಯಾರೋ 'ನಲ್ಲೂರಾಗೆ ಆರಾಮಿದ್ದೀಯೇನು' ಅಂತ ಮೆಸೇಜ್ ಹಾಕ್ಯಾರೆ. ಅವನೇರೀ. ನನ್ನ ಕಸೂತಿ ನೋಡಿ ಗುರ್ತು ಹಿಡಿದಾನೆ. ಊರು ಹೆಂಗೆ ತಿಳೀತು?"

ಮಮತಾ ಅವಳು ಹಾಕಿದ್ದ ಫೋಟೊವೊಂದನ್ನು ಆ್ಯಪಿನಿಂದ ಇಳಿಸಿಕೊಂಡು ಫೋನಿನ ಗ್ಯಾಲರಿಯಲ್ಲಿ ತೆರೆದಳು. ಕೆಳಗೇ ಮ್ಯಾಪು. ಕೆಂಪು ಬೊಟ್ಟು ನಲ್ಲೂರಿನ ಒಂದು ಮನೆಯ ಮೇಲೆ ನಿಂತಿತ್ತು. ಚಿತ್ರ ತೆಗೆದ ಜಾಗವನ್ನು ಫೋನು ಚಿತ್ರದೊಳಗೇ ಬರೆದಿಡುತ್ತದೆ. ಅದನ್ನು ಅಳಿಸಿ ಹೊರಬಿಡುವ ಕೋಡು ಮಮತಾಳದೇ. ಆದರೆ ಹೊಸ ಫೋನುಗಳು ಕಳಿಸುವ ಬೇರೆ ಬಗೆಯ ಫೈಲುಗಳು ಕೋಡಿನ ಇನ್ನೊಂದು ದಾರಿಯಲ್ಲಿ ಹೋಗುತ್ತಿದ್ದವು. ಅಲ್ಲಿ ಅಳಿಸುವ ಸಾಲೇ ಇರಲಿಲ್ಲ.

"ಈಗಲೇ ಮನೆ ಬಿಡ್ರಿ," ಎಂದಳು.

"ಮಿಷಿನ್ ಬಿಟ್ಟು ಹೆಂಗೆ ಹೋಗಲಿ?"

"ಅಲ್ಲೇ ಇರಲಿ. ನಂಬುವಂಥೋರು ಹತ್ರ ಯಾರಿದಾರೆ?"

"ಮನೆ ಓನರ್ ಕಸ್ತೂರಮ್ಮ, ಎದುರಿಗೇ."

"ಅಲ್ಲಿಗೆ ಹೋಗಿ ಪೊಲೀಸರಿಗೆ ಫೋನ್ ಮಾಡ್ರಿ."

ಕಂಪನಿ ನಡೆಸುವ ಮಾರುತಿಗೆ ವಿಷಯ ಹೇಳಿ, ಎಲ್ಲ ಫೋಟೊ ಮರೆಮಾಡೋಣ ಎಂದಳು. "ಮದುವೆ ಸೀಸನ್ನು. ಫೋಟೊ ಬಂದ್ ಮಾಡಿದ್ರೆ ಎಲ್ಲರ ವ್ಯಾಪಾರ ಕೆಡ್ತದೆ. ರಿಪೇರಿ ಮಾಡಮ್ಮ, ಸಾಕು," ಎಂದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಆದರೆ ಆ ಬೊಟ್ಟು ಇನ್ನೆಷ್ಟು ಮನೆಗಳ ಮೇಲೆ ನಿಂತಿದೆಯೋ. ಮಮತಾ ಎಲ್ಲ ಫೋಟೊಗಳನ್ನೂ ಮರೆಮಾಡಿಯೇ ಕೋಡಿಗೆ ಕೈಹಾಕಿದಳು. ಅವಸರದ ಮೊದಲ ತಿದ್ದುಪಡಿಯಲ್ಲಿ ಚಿತ್ರ ಯಾವ ಕಡೆಗೆ ನಿಲ್ಲಬೇಕೆಂಬ ಮಾಹಿತಿಯೂ ಅಳಿಸಿಹೋಗಿ ರವಿಕೆಗಳೆಲ್ಲ ಅಡ್ಡಡ್ಡ ಮಲಗಿದವು. ಮತ್ತೆ ಬರೆದಳು. ನಡುನಡುವೆ ದುರ್ಗಾಂಬಿಕಾಗೆ ಫೋನ್ ಹಚ್ಚಿದರೆ ಯಾರೂ ಎತ್ತುತ್ತಿರಲಿಲ್ಲ.

ಮಧ್ಯಾಹ್ನ ಅವಳೇ ಮಾಡಿದಳು. ದನಿ ಪಿಸುಗುಡುತ್ತಿತ್ತು.

"ಬಂದಿದ್ದ. ನನ್ನ ಮನೆ ಬಾಗ್ಲು ಒದ್ದ. ಕಸ್ತೂರಮ್ಮ ಅಂಗಳದಾಗೆ ನಿಂತು, ಅಂಥೋರು ಇಲ್ಲಿ ಯಾರೂ ಇಲ್ಲ ಅಂದ್ರು. ನಾನು ಅವರ ಮನೆ ಕಿಟಕಿ ಸಂದಿಯಾಗೆ ನೋಡ್ತಿದ್ದೆ, ಉಸಿರು ಬಿಡಾಕೂ ಹೆದರಿಕೆ. ಪೊಲೀಸ್ ಜೀಪು ಬಂದದ್ದು ಕಂಡು ಬೈಕ್ ಹತ್ತಿ ಹೋದ."

"ತಪ್ಪು ನನ್ನ ಕೋಡಿಂದು," ಎಂದಳು ಮಮತಾ.

ದುರ್ಗಾಂಬಿಕಾ ಫೋನ್ ಇಟ್ಟಳು.

ಸಂಜೆ ಫೋಟೊಗಳು ಮರಳಿ ಬಂದವು, ಬೊಟ್ಟುಗಳಿಲ್ಲದೆ. ದುರ್ಗಾಂಬಿಕಾಳ ರವಿಕೆಗಳು ಮಾತ್ರ ಬರಲಿಲ್ಲ. ಅವಳು ತನ್ನ ಖಾತೆಯನ್ನೇ ಅಳಿಸಿದ್ದಳು. ಕೆಲವು ವಾರಗಳ ಮೇಲೆ ಹೊಸ ನಂಬರಿನಿಂದ ಒಮ್ಮೆ ಮಾತಾಡಿದಳು. "ಬೇರೆ ಊರಿಗೆ ಬಂದೀನಿ. ಮಿಷಿನ್ನೂ ತಂದೀನಿ. ಕೆಲಸ ಸಿಗ್ತಾ ಐತೆ."

ಯಾವ ಊರು ಎಂಬ ಮಾತು ಮಮತಾಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಹುಷಾರಾಗಿರ್ರಿ," ಎಂದಷ್ಟೇ ಹೇಳಿದಳು.